ಕ್ಲಾಸ್ 2, ಕ್ಲಾಸ್ 5 ಫಿಲ್ಲಿಂಗ್ ಅಂಚು ಸೋರದಂಗ ಯಾವ ಬಾಂಡ್ ಹಚ್ಚಬೇಕು? ಫ್ಲೋರೋಸಿಸ್ (ನೀರಿನ ಫ್ಲೋರೈಡ್‌ನಿಂದ ಕಲೆಯಾದ) ಹಲ್ಲಿಗೆ ಲೆಕ್ಕ ಬೇರೆನಾ?

ಶಹಾಪುರ_ಬಿಡಿಎಸ್:

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಕ್ಲಿನಿಕ್‌ಗೆ ಬಾಂಡಿಂಗ್ ಏಜೆಂಟ್ (ಫಿಲ್ಲಿಂಗನ್ನ ಹಲ್ಲಿಗೆ ಅಂಟಿಸೋ ದ್ರವ) ಆಯ್ಕೆ ಮಾಡೋದಿದೆ. ಈಗ ಬಳಕೆಯಲ್ಲಿರೋದು ಐದನೇ ಜನರೇಶನ್‌ನ ಒಂದೇ ಬಾಟಲಿ, ಎಥನಾಲ್ ಬೇಸ್. ಮೂರು ತೊಂದರೆ ಮತ್ತೆ ಮತ್ತೆ ಕಾಣ್ತಿವೆ. ಒಂದು, ಕ್ಲಾಸ್ 2 (ದವಡೆ ಹಲ್ಲು ಪಕ್ಕದ ಹಲ್ಲಿಗೆ ತಾಗೋ ಬದಿ) ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಮಾಡಿದ ಮೇಲೆ ವಾರದವರೆಗೆ ಜುಮ್ ಅನ್ನೋದು, ಅದರಲ್ಲೂ ಕಚ್ಚಿದಾಗ. ಎರಡು, ಆರು ತಿಂಗಳು, ವರ್ಷದೊಳಗೆ ಅಂಚಿನಲ್ಲಿ ಕಂದು ಗೆರೆ. ಮೂರು, ಕುತ್ತಿಗೆ ಸವೆದ ಹಲ್ಲಿನ ಕ್ಲಾಸ್ 5 (ವಸಡಿನ ಹತ್ತಿರದ) ಫಿಲ್ಲಿಂಗ್ ಇಡಿಯಾಗಿ ಕಳಚಿ ಬರೋದು.

ಈಗಿನ ಸ್ಟೆಪ್ ಹೀಗಿದೆ: ಶೇ 37 ಫಾಸ್ಫಾರಿಕ್ ಆಸಿಡ್ ಪೂರ್ತಿ ಕ್ಯಾವಿಟಿಗೆ 30 ಸೆಕೆಂಡ್ (ಎಚಿಂಗ್, ಅಂದರೆ ಆಸಿಡ್‌ನಿಂದ ಮೇಲ್ಮೈ ತರಿ ಮಾಡೋದು), ತೊಳೆಯೋದು 5 ಸೆಕೆಂಡ್, ತ್ರೀ-ವೇ ಸಿರಿಂಜ್‌ನಿಂದ 10 ಸೆಕೆಂಡ್ ಗಾಳಿ, ಬಾಂಡ್ ಒಂದು ಕೋಟ್, ಲೈಟ್ 10 ಸೆಕೆಂಡ್, ಆಮೇಲೆ 2 ಮಿಲಿಮೀಟರ್ ಪದರ ಪದರವಾಗಿ ಕಾಂಪೋಸಿಟ್.

ಮುಂದೆ ನಾಲ್ಕು ದಾರಿ ಇವೆ: ಇದನ್ನೇ ಮುಂದುವರಿಸೋದು, ಯೂನಿವರ್ಸಲ್ ಬಾಂಡ್‌ಗೆ (ಬೇರೆ ಆಸಿಡ್ ಹಚ್ಚಿಯೂ, ಹಚ್ಚದೆಯೂ ಬಳಸೋ ಒಂದೇ ಬಾಟಲಿ) ಹೋಗೋದು, ಎರಡು ಬಾಟಲಿಯ ಸೆಲ್ಫ್ ಎಚ್ (ಬೇರೆ ಆಸಿಡ್ ಇಲ್ಲದೆ ತಾನೇ ಎಚ್ ಮಾಡೋ ಬಾಂಡ್) ತಗೊಳ್ಳೋದು, ಇಲ್ಲಾ ಕುತ್ತಿಗೆ ಕಡೆಗೆಲ್ಲ ಜಿಐಸಿ (ಗ್ಲಾಸ್ ಅಯೋನೊಮರ್ ಸಿಮೆಂಟ್) ಹಾಕೋದು. ಈ ಭಾಗದಲ್ಲಿ ಬೋರ್‌ವೆಲ್ ನೀರಿಂದ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಇರೋರು ಬಹಳ. ಅವರಿಗೆ ಎಚಿಂಗ್ ಸಮಯ ಬದಲಿಸಬೇಕಾ? ಅಂಕಿ ಅಂಶ ಸಮೇತ ಹೇಳಿದರೆ ಉಪಕಾರ.


ಕಲಬುರಗಿ_ಎಂಡೋ:

ಬಾಟಲಿ ಬದಲಿ ಮಾಡೋದು ಆಮ್ಯಾಲ ನೋಡೋಣ್ರಿ ಸರ. ಮೊದಲ ನೀವು ಬರದ ಸ್ಟೆಪ್ ಓದ್ರಿ, ನಿಮ್ಮ ತ್ರಾಸಿನಾಗ ಅರ್ಧಕ್ಕಿಂತ ಹೆಚ್ಚಿಂದು ಅದರಾಗೇ ಅದ.

ಪೂರಾ ಕ್ಯಾವಿಟಿಗಿ 30 ಸೆಕೆಂಡ್ ಆಸಿಡ್ ಅಂತೀರಿ. ಎನಾಮಲ್‌ಗಿ (ಹಲ್ಲಿನ ಹೊರಗಿನ ಗಟ್ಟಿ ಪದರ) 30 ಸರಿ ಅದ, ಡೆಂಟಿನ್‌ಗಿ (ಅದರ ಒಳಗಿನ ಪದರ) 15ಕ್ಕ ನಿಲ್ಲಿಸ್ಬೇಕು. ಆಸಿಡ್ ಡೆಂಟಿನ್ ಒಳಗ ಸುಣ್ಣದಂಶ ಕರಗಿಸಿ ಕೊಲಾಜನ್ (ನಾರಿನಂಥ ಪ್ರೋಟೀನ್) ಜಾಳಿಗಿ ಅಷ್ಟೇ ಉಳಸ್ತದ. ಆ ಜಾಳಿಗಿ ಎಷ್ಟು ಆಳ ಅದನೋ ಅಷ್ಟು ಆಳ ರೆಸಿನ್ (ಬಾಂಡ್‌ನಾಗಿನ ಅಂಟು) ಇಳೀಬೇಕು. 30 ಸೆಕೆಂಡ್ ಬಿಟ್ರ ಆಸಿಡ್ ಕೆಳಗ ಹೋಗ್ತದ, ರೆಸಿನ್ ಮ್ಯಾಲೇ ನಿಲ್ತದ. ನಡುವ ಉಳಿದ ಬರಿ ಕೊಲಾಜನ್‌ನಾಗ ನೀರು ತುಂಬ್ತದ, ಕಚ್ಚಿದಾಗ ಆ ನೀರು ಟ್ಯೂಬ್ಯೂಲ್‌ನಾಗ (ಡೆಂಟಿನ್‌ನ ಸಣ್ಣ ಕೊಳವಿ) ಅತ್ತಿತ್ತ ಸರೀತದ, ಪೇಶಂಟ್‌ಗಿ ಜುಮ್ ಅಂತದ. ಫಿಲ್ಲಿಂಗ್ ಎತ್ತರ ಆಗ್ಯದ ಅಂತ ನೀವು ಸುಮ್ಮ ತಿಕ್ಕಿ ತಿಕ್ಕಿ ಇಳಸ್ತೀರಿ. ಹೈ ಪಾಯಿಂಟ್ ಇದ್ರ ಆರ್ಟಿಕ್ಯುಲೇಟಿಂಗ್ ಪೇಪರ್ (ಕಚ್ಚಿಸಿ ನೋಡೋ ಬಣ್ಣದ ಕಾಗದ) ಹೇಳ್ತದ. ಅದು ಏನೂ ತೋರಸಲಿಲ್ಲ ಅಂದ್ರ ತಪ್ಪು ಕೆಳಗ ಅದ ಅಂತ ತಿಳೀರಿ.

ಹಿಂಗ ಮಾಡ್ರಿ: ಎಚೆಂಟ್ (ಆ ಆಸಿಡ್ ಜೆಲ್) ಮೊದಲ ಎನಾಮಲ್ ಅಂಚಿಗಿ ಹಚ್ರಿ, 15 ಎಣಸ್ರಿ, ಆಮ್ಯಾಲ ಡೆಂಟಿನ್‌ಗಿ ಹಚ್ಚಿ ಇನ್ನ 15. ಎನಾಮಲ್‌ಗಿ 30 ಆಯ್ತು, ಡೆಂಟಿನ್‌ಗಿ 15 ಆಯ್ತು. ತೊಳಿಯೋದು 5 ಸೆಕೆಂಡ್ ಸಾಲಂಗಿಲ್ಲ, ಕಮ್ಮಿ ಅಂದ್ರ 15. ಜೆಲ್‌ನಾಗ ಗಟ್ಟಿ ಮಾಡೋ ಸಿಲಿಕಾ ಇರ್ತದ, ಬಾಕ್ಸ್ (ಕ್ಲಾಸ್ 2ರಾಗ ಹಲ್ಲಿನ ಸಂದಿ ಕಡೆ ಕೊರೆದ ಗುಂಡಿ) ಮೂಲ್ಯಾಗ ನೀಲಿ ಬಣ್ಣ ಹೋದ್ರೂ ಅದು ಕುಂತಿರ್ತದ.

10 ಸೆಕೆಂಡ್ ಗಾಳಿ ಊದೋದು ಎಲ್ಲಕ್ಕಿಂತ ದೊಡ್ಡ ತಪ್ಪು ನೋಡ್ರಿ. ಎನಾಮಲ್ ಬೆಳ್ಳಗ ಸುಣ್ಣ ಹೊಡದಂಗ ಕಾಣೋತನ ಒಣಗಿಸ್ಬೇಕು ಅಂತ ಕಾಲೇಜಿನಾಗ ಕಲಿಸಿರ್ತಾರ. ಅದು ಬರೇ ಎನಾಮಲ್ ಇದ್ದಾಗಿನ ಮಾತು. ಡೆಂಟಿನ್ ಒಣಗಿದ್ರ ಜಾಳಿಗಿ ನೀರಿಲ್ಲದ ಒಗೆದ ಅರಿಬಿ ಹಂಗ ಕುಸೀತದ, ರೆಸಿನ್ ಒಳಗ ಹೋಗಾಕ ಸಂದೇ ಇರಂಗಿಲ್ಲ. ಹತ್ತಿ ಉಂಡಿ ಇಲ್ಲಾ ಒಣ ಮೈಕ್ರೋಬ್ರಶ್ ತಗೊಂಡು ನೀರು ಹೀರ್ರಿ, ಡೆಂಟಿನ್ ಮ್ಯಾಲ ಮಿರಮಿರ ಹೊಳಪು ಉಳೀಬೇಕು, ನೀರು ನಿಂತಿರಬಾರದು. ಒಣಗಿಸೇ ಬಿಟ್ಟಿದ್ರ ಒದ್ದಿ ಮೈಕ್ರೋಬ್ರಶ್‌ನಿಂದ ಮತ್ತ ತ್ಯಾವ ಮಾಡ್ರಿ, ಎಥನಾಲ್-ನೀರಿನ ಬಾಂಡ್‌ಗಿ ಅದು ನಡೀತದ. ಅಸಿಟೋನ್ ಬಾಂಡ್ ಇದ್ರ ಇನ್ನೂ ಜ್ವಾಕಿ. ಅಸಿಟೋನ್ ನೀರನ್ನ ಎಳಕೊಂಡು ಹೋಗೋದು ಲಗೂನ, ಆದರ ಒಣ ಡೆಂಟಿನ್ ಮ್ಯಾಲ ಅದರ ಆಟ ನಡಿಯಂಗಿಲ್ಲ, ಯಾಕಂದ್ರ ಕುಸಿದ ಜಾಳಿಗಿ ಎಬ್ಬಿಸಾಕ ಅದರಾಗ ನೀರಿಲ್ಲ.

ಒಂದು ಕೋಟ್ ಅಲ್ಲ, ಎರಡು ಮೂರು ಕೋಟ್. ಹಚ್ಚಿ ಸುಮ್ಮ ಕೂಡಬ್ಯಾಡ್ರಿ, 15 ಸೆಕೆಂಡ್ ಬ್ರಶ್ ಆಡಸ್ತಾ ಇರ್ರಿ. ಆಮ್ಯಾಲ ಗಾಳಿ ಮೊದಲ ದೂರದಿಂದ ಸಣ್ಣಗ, ಆಮ್ಯಾಲ ಹತ್ರ ಬರ್ರಿ. ಬಾಂಡ್ ಮ್ಯಾಲ ಅಲಿ ಹಂಗ ಓಡಾಡೋದು ನಿಂತು, ಒಂದೇ ಸಮ ಹೊಳಪು ಬಂದ್ರ ಸಾಲ್ವೆಂಟ್ (ಎಥನಾಲ್, ಅಸಿಟೋನ್‌ನಂಥ ಹಾರಿಹೋಗೋ ದ್ರವ) ಹೋಗ್ಯದ ಅಂತ ಅರ್ಥ. ಸಾಲ್ವೆಂಟ್ ಉಳದ್ರ ಲೈಟ್ ಎಷ್ಟು ಹಿಡದ್ರೂ ಬಾಂಡ್ ಮೆತ್ತಗೇ ಉಳೀತದ, ಆರು ತಿಂಗಳಿಗಿ ಕಂದು ಗೆರಿ ಬರೋದು ಅಲ್ಲಿಂದನೇ.

ಲೈಟ್: ಕ್ಲಾಸ್ 2 ಬಾಕ್ಸ್ ನೆಲಕ್ಕ ಟಿಪ್‌ನಿಂದ 6ರಿಂದ 8 ಮಿಲಿಮೀಟರ್ ದೂರ ಆಗ್ತದ. ಟಿಪ್ ಹತ್ರ ಚದರ ಸೆಂಟಿಮೀಟರ್‌ಗಿ 1000 ಮಿಲಿವ್ಯಾಟ್ ತೋರ್ಸೋ ಲೈಟ್ ಅಲ್ಲಿ ಅರ್ಧಕ್ಕ ಇಳದಿರ್ತದ, ಕೆಲವು ಅಗ್ಗದ ಲೈಟ್‌ನಾಗ ಇನ್ನೂ ಕಮ್ಮಿ. ಕಂಪನಿ 10 ಸೆಕೆಂಡ್ ಅಂದ್ರೂ ಬಾಕ್ಸ್ ನೆಲಕ್ಕ 20 ಕೊಡ್ರಿ. ಟಿಪ್‌ಗಿ ಹಳೇ ಕಾಂಪೋಸಿಟ್ ಅಂಟಿದ್ರ ಕೆರದು ತಗೀರಿ. ರೇಡಿಯೋಮೀಟರ್ (ಲೈಟಿನ ಬಲ ಅಳಿಯೋದು) ತಿಂಗಳಿಗಿ ಒಮ್ಮೆ ಹಿಡೀರಿ.

ಇಷ್ಟು ತಿದ್ದಿ ಮೂರು ತಿಂಗಳು ಅದೇ ಬಾಟಲಿ ಬಳಸಿ ನೋಡ್ರಿ. ಕ್ಲಾಸ್ 2 ತ್ರಾಸು ಭಾಳ ಕಮ್ಮಿ ಆಗ್ತದ. ಕ್ಲಾಸ್ 5ರ ಮಾತು ಬ್ಯಾರೆ, ಅದು ಈ ಬಾಟಲಿ ಕೆಲಸ ಅಲ್ಲ.


ಮಟೀರಿಯಲ್ಸ್_ಮಾಸ್ತರ್:

ಮೇಲಿನ ಉತ್ತರದಲ್ಲಿ ಕೈಕೆಲಸದ ಮಾತೆಲ್ಲ ಸರಿ. ಆದರೆ ಮೂರು ತಿಂಗಳು ಅದೇ ಬಾಟಲಿ ಅನ್ನೋದಕ್ಕೆ ನನ್ನ ತಕರಾರಿದೆ. ಡೆಂಟಿನ್ ಎಷ್ಟು ಒದ್ದೆ ಇರಬೇಕು ಅನ್ನೋ ಅಂದಾಜಿನ ಮೇಲೆ ನಿಂತ ಪದ್ಧತಿ, ದಿನಕ್ಕೆ ಹದಿನೈದು ಪೇಶಂಟ್ ನೋಡುವ ಕ್ಲಿನಿಕ್ಕಿನಲ್ಲಿ ಹದಿನೈದು ಥರ ಆಗುತ್ತದೆ. ಬಾಕ್ಸಿನ ನೆಲ ಒದ್ದೆ, ಗೋಡೆಯ ಮೇಲ್ಭಾಗ ಒಣ. ಒಂದೇ ಕ್ಯಾವಿಟಿಯಲ್ಲಿ ಎರಡು ಹವಾಮಾನ.

ಜನರೇಶನ್ ಲೆಕ್ಕ ಬಿಟ್ಟುಬಿಡಿ. ನಾಲ್ಕು, ಐದು, ಆರು ಅನ್ನೋದು ಮಾರುಕಟ್ಟೆಗೆ ಬಂದ ಕ್ರಮ, ಗುಣದ ಕ್ರಮ ಅಲ್ಲ. ನಾಲ್ಕನೆಯದು ಎನ್ನುವ ಮೂರು ಹಂತದ ಆಪ್ಟಿಬಾಂಡ್ ಎಫ್‌ಎಲ್ ಇವತ್ತಿಗೂ ಹೋಲಿಕೆಗೆ ಅಳತೆಗೋಲು. ಏಳನೆಯದು ಅನ್ನಿಸಿಕೊಂಡ ಒಂದೇ ಹಂತದ ಬಾಂಡ್‌ಗಳು ಅದರ ಹತ್ತಿರಕ್ಕೂ ಬರಲಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಫಿಲ್ಲಿಂಗಿನ ಅಂಚು ಎಲ್ಲಿ ಮುಗಿಯುತ್ತದೆ, ಎನಾಮಲ್ ಮೇಲೋ, ಡೆಂಟಿನ್ ಮೇಲೋ?

ಎನಾಮಲ್ ಆದರೆ ಫಾಸ್ಫಾರಿಕ್ ಆಸಿಡ್‌ಗೆ ಸಾಟಿ ಇಲ್ಲ. 1955ರಲ್ಲಿ ಬ್ಯೂನೊಕೋರ್ ಶೇ 85ರ ಆಸಿಡ್ 30 ಸೆಕೆಂಡ್ ಇಟ್ಟು ತೋರಿಸಿದ ತತ್ವವೇ ಇಂದಿಗೂ ನಡೆಯುತ್ತಿದೆ, ಸಾಂದ್ರತೆ ಮಾತ್ರ ಶೇ 35ರಿಂದ 37ಕ್ಕೆ ಇಳಿದಿದೆ. ಸೌಮ್ಯ ಸೆಲ್ಫ್ ಎಚ್ ಬಾಂಡ್‌ಗಳ ಪಿಎಚ್ 2ರ ಆಸುಪಾಸು, ಕೆಲವು ಯೂನಿವರ್ಸಲ್‌ಗಳದ್ದು 2.5ಕ್ಕೂ ಮೇಲೆ. ಅಷ್ಟು ಸಪ್ಪೆ ಆಸಿಡ್ ಎನಾಮಲ್ ಅನ್ನು ಸರಿಯಾಗಿ ಕೊರೆಯುವುದಿಲ್ಲ. ಬರೀ ಸೆಲ್ಫ್ ಎಚ್ ಬಳಸಿದಾಗ ಎನಾಮಲ್ ಅಂಚಿನಲ್ಲಿ ಕಂದು ಗೆರೆ ಬರುವುದಕ್ಕೆ ಇದೊಂದು ಕಾರಣ.

ಡೆಂಟಿನ್ ಆದರೆ ಕಥೆ ತಿರುಗಾ ಮುರುಗಾ. ಅಲ್ಲಿ ಎಲ್ಲ ಸುಣ್ಣವನ್ನೂ ಕರಗಿಸುವುದಕ್ಕಿಂತ ಅರ್ಧ ಉಳಿಸಿಕೊಂಡು ಅದಕ್ಕೇ ಅಂಟುವುದು ಲಾಭ. 10-ಎಂಡಿಪಿ ಎಂಬ ಮೋನೋಮರ್ (ರೆಸಿನ್ ಕಟ್ಟುವ ಸಣ್ಣ ಅಣು) ಮಾಡುವ ಕೆಲಸ ಇದು. ಅದರ ಫಾಸ್ಫೇಟ್ ತುದಿ ಕ್ಯಾಲ್ಸಿಯಂ ಜೊತೆ ನೀರಲ್ಲಿ ಸುಲಭವಾಗಿ ಕರಗದ ಉಪ್ಪು ಕಟ್ಟುತ್ತದೆ. ಹೈಬ್ರಿಡ್ ಪದರ (ರೆಸಿನ್ ಇಳಿದು ಡೆಂಟಿನ್ ಜೊತೆ ಬೆರೆತ ಪದರ) ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಬಹಳ ದಿನ ನಂಬಿದ್ದರು. ಈ ಪದರವನ್ನು 1982ರಲ್ಲಿ ಮೊದಲು ವಿವರಿಸಿದವರು ನಕಬಯಾಶಿ. ಸೌಮ್ಯ ಸೆಲ್ಫ್ ಎಚ್‌ನಲ್ಲಿ ಆ ಪದರ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಆದರೂ ವರ್ಷಗಟ್ಟಲೆ ನಿಲ್ಲುತ್ತದೆ. ದಪ್ಪಕ್ಕಿಂತ ಒಳಗೆ ರೆಸಿನ್ ಇಳಿಯದ ಕೊಲಾಜನ್ ಉಳಿದಿದೆಯೋ ಇಲ್ಲವೋ ಅನ್ನುವುದು ಮುಖ್ಯ.

ಹಾಗಾಗಿ ನಿಮಗೆ ಸೆಲೆಕ್ಟಿವ್ ಎಚ್. ಎನಾಮಲ್ ಅಂಚಿಗೆ ಮಾತ್ರ ಆಸಿಡ್, ಡೆಂಟಿನ್‌ಗೆ ಎಂಡಿಪಿ ಇರುವ ಬಾಂಡ್. ಆಸಿಡ್ ತೆಳ್ಳಗಿದ್ದರೆ ಡೆಂಟಿನ್‌ಗೆ ಹರಿದೇ ಹರಿಯುತ್ತದೆ, ಕದಲದೆ ನಿಲ್ಲುವ ಗಟ್ಟಿ ಜೆಲ್, ಸಣ್ಣ ಸೂಜಿ ಟಿಪ್ ತಗೊಳ್ಳಿ. ಸ್ವಲ್ಪ ಹರಿದರೆ ಗಾಬರಿ ಬೇಡ, ಯೂನಿವರ್ಸಲ್ ಬಾಂಡ್ ಎಚ್ ಆದ ಡೆಂಟಿನ್ ಮೇಲೂ ಕೆಲಸ ಮಾಡುತ್ತದೆ. ಎರಡು ಬಾಟಲಿಯ ಸೆಲ್ಫ್ ಎಚ್ ಆದರೆ ಹರಿಯದಂತೆ ನೋಡಿಕೊಳ್ಳಬೇಕು.

ಯೂನಿವರ್ಸಲ್, ಎರಡು ಬಾಟಲಿ ಈ ಎರಡರಲ್ಲಿ ಯಾವುದು ಅಂದರೆ, ಸೀಲ್ ಒಂದನ್ನೇ ನೋಡಿದರೆ ನನ್ನ ಓಟು ಕ್ಲಿಯರ್‌ಫಿಲ್ ಎಸ್‌ಇ ಥರದ ಎರಡು ಬಾಟಲಿಗೆ. ಪ್ರೈಮರ್ 20 ಸೆಕೆಂಡ್ ಹಚ್ಚಿ, ತೊಳೆಯದೆ ಗಾಳಿಯಿಂದ ಒಣಗಿಸಿ, ಮೇಲೆ ಬಾಂಡ್ ಹಚ್ಚಿ, ಸಣ್ಣ ಗಾಳಿಯಿಂದ ಹರಡಿ, ಲೈಟ್. ಎರಡನೇ ಬಾಟಲಿಯಲ್ಲಿ ನೀರು, ಸಾಲ್ವೆಂಟ್ ಇಲ್ಲ. ಅದೊಂದು ನೀರು ಬಿಡದ ಮುಚ್ಚಳದಂತೆ ಕೂರುತ್ತದೆ. ಒಂದೇ ಬಾಟಲಿಯಲ್ಲಿ ಆಸಿಡ್, ನೀರು, ಎಚ್‌ಇಎಂಎ (ನೀರು ಹೀರುವ ಮೋನೋಮರ್), ರೆಸಿನ್ ಎಲ್ಲ ಇದ್ದರೆ ಲೈಟ್ ಹಿಡಿದ ಮೇಲೂ ಆ ಪದರ ಡೆಂಟಿನ್ ನೀರನ್ನು ಜಾಲರಿಯ ಹಾಗೆ ಮೇಲಕ್ಕೆ ಬಿಡುತ್ತದೆ.

ಯೂನಿವರ್ಸಲ್‌ನ ಅನುಕೂಲ ಬೇರೆ: ಒಂದೇ ಬಾಟಲಿ ಮೂರೂ ಪದ್ಧತಿಗೆ (ಪೂರ್ತಿ ಎಚ್, ಸೆಲೆಕ್ಟಿವ್ ಎಚ್, ಸೆಲ್ಫ್ ಎಚ್) ನಡೆಯುತ್ತದೆ, ಎಂಡಿಪಿ ಇರುವಂಥದ್ದಾದರೆ ಜಿರ್ಕೋನಿಯಾಗೂ (ಕ್ರೌನಿನ ಬಿಳಿ ಸೆರಾಮಿಕ್) ಅಂಟುತ್ತದೆ. ತಗೊಂಡರೆ 20 ಸೆಕೆಂಡ್ ಒತ್ತಿ ಉಜ್ಜಿ. ಆ 20 ಸೆಕೆಂಡನ್ನು 5 ಮಾಡುವವರೇ ಜಾಸ್ತಿ, ಆಮೇಲೆ ಬಾಟಲಿಯನ್ನು ಬೈಯುತ್ತಾರೆ. ಲೈಟ್ ಆದ ಮೇಲೆ ತೆಳ್ಳಗೆ ಫ್ಲೋಯಬಲ್ (ಹರಿಯುವ ಕಾಂಪೋಸಿಟ್) ಒಂದು ಪದರ, ಅರ್ಧ ಮಿಲಿಮೀಟರ್ ಸಾಕು, ಹಾಕಿ ಲೈಟ್ ಹಿಡಿದರೆ ಆ ಜಾಲರಿ ಗುಣವೂ ಬಹಳ ಮಟ್ಟಿಗೆ ಮುಚ್ಚುತ್ತದೆ. ಒಂದು ಎಚ್ಚರಿಕೆ: ಎಲ್ಲ ಬಾಟಲಿಗೂ ಗಾಳಿ ಒಂದೇ ಥರ ಅಲ್ಲ. ಸಿಂಗಲ್ ಬಾಂಡ್ ಯೂನಿವರ್ಸಲ್‌ಗೆ 5 ಸೆಕೆಂಡ್ ಮೆಲ್ಲಗೆ. ಜಿ-ಪ್ರೀಮಿಯೋ ಬಾಂಡ್‌ನಲ್ಲಿ ಎಚ್‌ಇಎಂಎ ಇಲ್ಲ, ಅಸಿಟೋನ್ ಹಾರಿದ ಕೂಡಲೇ ನೀರು ಬೇರೆಯಾಗಿ ಹನಿ ಹನಿ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಗಾಳಿ ಪೂರ್ತಿ ಜೋರಾಗಿ ಅಂತ ಬರೆದಿರುತ್ತಾರೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಒಯ್ದರೆ ಎರಡೂ ಕೆಡುತ್ತವೆ.

ಬ್ರೋಶರ್‌ನಲ್ಲಿ ಕಾಣುವ ಮೆಗಾಪಾಸ್ಕಲ್ ಅಂಕಿ ನೋಡಿ ಆರಿಸಬೇಡಿ. ಅದು ಸಾಮಾನ್ಯವಾಗಿ ಕಿತ್ತ ಹಲ್ಲನ್ನು ಚಪ್ಪಟೆ ಉಜ್ಜಿ, 24 ಗಂಟೆ ನೀರಲ್ಲಿಟ್ಟು ಎಳೆದಾಗ ಸಿಕ್ಕಿದ್ದು. ಬಾಯಲ್ಲಿ ನಾಲ್ಕು ಗೋಡೆಯ ಗುಂಡಿಯಲ್ಲಿ ಕಾಂಪೋಸಿಟ್ ಕುಗ್ಗುವ ಎಳೆತ ಇರುತ್ತದೆ, ಜೊಲ್ಲು ಇರುತ್ತದೆ, ಜೋಳದ ಕಟಿ ರೊಟ್ಟಿ ಕಡಿಯುವ ದವಡೆ ಇರುತ್ತದೆ.


ಸುರಪುರ_ಡೆಂಟಲ್:

ಕಲೆ ಹಲ್ಲಿನ ಪ್ರಶ್ನೆ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೀತಿದೀನಿ.

ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕದ ಲೆಕ್ಕ. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಎನಾಮಲ್‌ನ ಹೊರ ಪದರ ಅತಿಯಾಗಿ ಖನಿಜ ತುಂಬಿ ಆಸಿಡ್‌ಗೆ ಬಗ್ಗಲ್ಲ, ಅದರ ಕೆಳಗಿನ ಪದರ ಮಾತ್ರ ತೂತು ತೂತು. ಮೇಲೆ ಕಲ್ಲು, ಕೆಳಗೆ ಸುಣ್ಣದ ಗೋಡೆ ಅಂತ ಇಟ್ಕೊಳ್ಳಿ.

ಇದಕ್ಕೆ ಮೊದಲು ಗ್ರೇಡ್ ನೋಡಿ. ಹಲ್ಲು ಒಣಗಿಸಿ ನೋಡಿದಾಗ ಬರೀ ಬಿಳಿ ಗೆರೆ, ಅಲ್ಲಲ್ಲಿ ಮೋಡದಂಥ ಬಿಳಿ ಇದ್ದರೆ, ಅಂದರೆ ಥೈಲ್‌ಸ್ಟ್ರಪ್-ಫೆಯರ್‌ಸ್ಕೊವ್ ಎಂಬ ಫ್ಲೋರೋಸಿಸ್ ಅಳತೆಯಲ್ಲಿ 1ರಿಂದ 3, ಮಾಮೂಲಿ 30 ಸೆಕೆಂಡ್ ಎಚಿಂಗ್ ಸಾಕು. 4ಕ್ಕೆ ಬಂದು ಪೂರ್ತಿ ಸುಣ್ಣದಂತೆ ಬಿಳುಪಾಗಿದ್ದರೆ ಸಮಯ ಹೆಚ್ಚಿಸೋ ಮುಂಚೆ ಹೊರ ಪದರ ಒಂಚೂರು ತೆಗೀರಿ. ಸಣ್ಣ ಡೈಮಂಡ್ ಬರ್‌ನಲ್ಲಿ 1 ಮಿಲಿಮೀಟರ್ ಅಗಲದ ಬೆವೆಲ್ (ಓರೆ ಅಂಚು) ಕೊಟ್ಟರೆ ಆ ಕಲ್ಲು ಪದರ ಹೋಗಿ ಪ್ರಿಸಂ (ಎನಾಮಲ್‌ನ ಸಣ್ಣ ಕಡ್ಡಿ) ತುದಿ ಸಿಗುತ್ತವೆ. ಆಮೇಲೆ 30 ಸೆಕೆಂಡ್. ಬೆವೆಲ್ ಕೊಡೋಕಾಗದ ಕಡೆ, ಉದಾಹರಣೆಗೆ ಫಿಶರ್ ಸೀಲೆಂಟ್ (ಜಗಿಯೋ ಮೇಲ್ಮೈಯ ಸಂದು ಮುಚ್ಚೋ ಪದರ) ಹಾಕುವಾಗ, 60 ಸೆಕೆಂಡ್‌ವರೆಗೆ ಹೋಗಬಹುದು.

ಇಲ್ಲೊಂದು ಮೋಸ ಇದೆ. ಎಚಿಂಗ್ ಆಯ್ತಾ ಇಲ್ವಾ ಅಂತ ನಾವು ನೋಡೋದು ಬಿಳಿ ಮಂಜಿನ ಬಣ್ಣ. ಈ ಹಲ್ಲು ಆಸಿಡ್ ಮುಟ್ಟೋ ಮುಂಚೇನೇ ಬಿಳಿ ಮಂಜು! ಒಣಗಿಸಿದ ತಕ್ಷಣ ಬೆಳ್ಳಗೆ ಕಂಡರೆ ಎಚ್ ಆಯ್ತು ಅಂತ ಅಲ್ಲ. ಕಣ್ಣು ನಂಬಬೇಡಿ, ಗಡಿಯಾರ ನಂಬಿ. ಇನ್ನು 5 ಇಲ್ಲಾ ಅದಕ್ಕೂ ಮೇಲಾಗಿ ಗುಂಡಿ ಬಿದ್ದ ಕಂದು ಎನಾಮಲ್ ಇದ್ದರೆ ಅಲ್ಲಿ ಎಷ್ಟು ಎಚ್ ಮಾಡಿದರೂ ದಂಡ. ಬಾಂಡ್ ಎನಾಮಲ್‌ಗೆ ಗಟ್ಟಿಯಾಗಿ ಹಿಡಿಯುತ್ತೆ, ಆ ಎನಾಮಲ್ಲೇ ಚಕ್ಕೆಯಾಗಿ ಏಳುತ್ತೆ. ಗಟ್ಟಿ ಜಾಗ ಸಿಗೋವರೆಗೆ ಅಂಚು ಹಿಂದಕ್ಕೆ ಸರಿಸಬೇಕು. ಇಂಥ ಹಲ್ಲಿಗೆ ಯೂನಿವರ್ಸಲ್ ಅನ್ನು ಬರೀ ಸೆಲ್ಫ್ ಎಚ್ ಆಗಿ ಬಳಸೋದಂತೂ ಬೇಡವೇ ಬೇಡ.

ಕ್ಲಾಸ್ 5ಕ್ಕೆ ಬರೋಣ. ಕುತ್ತಿಗೆ ಸವೆದ ಹಲ್ಲಿನ ಡೆಂಟಿನ್ ಹಳದಿ, ಗಾಜಿನ ಹಾಗೆ ಹೊಳೀತಿರುತ್ತೆ. ಇದ್ದಿಲು, ಇಟ್ಟಂಗಿ ಪುಡಿ, ತಂಬಾಕಿನ ಪುಡಿಯಲ್ಲಿ ವರ್ಷಾನುಗಟ್ಟಲೆ ಉಜ್ಜಿದ ಹಲ್ಲು. ಟ್ಯೂಬ್ಯೂಲ್ ಬಾಯಲ್ಲೆಲ್ಲ ಖನಿಜ ತುಂಬಿ ಮುಚ್ಚಿರುತ್ತೆ, ಆಸಿಡ್ ಒಳಗೆ ಇಳಿಯಲ್ಲ, ರೆಸಿನ್ ಎಳೆ ಬೆಳೆಯಲ್ಲ. ಇಂಥ ಜಾಗಕ್ಕೆ ಜಿಐಸಿ. ಬೆಂಚ್ ಟೆಸ್ಟ್‌ನಲ್ಲಿ ಜಿಐಸಿಯ ಅಂಟು ಬರೀ 3ರಿಂದ 7 ಮೆಗಾಪಾಸ್ಕಲ್, ಕಾಂಪೋಸಿಟ್ ಬಾಂಡ್ 20ರ ಆಸುಪಾಸು. ಆದರೂ ಬಾಯೊಳಗೆ ಕ್ಲಾಸ್ 5 ಉಳಿಯೋ ಲೆಕ್ಕದಲ್ಲಿ ಜಿಐಸಿಯೇ ಮುಂದೆ. ಕಾರಣ, ಅದು ಅಂಟೋದು ಕ್ಯಾಲ್ಸಿಯಂಗೆ, ಖನಿಜ ತುಂಬಿದ ಡೆಂಟಿನ್‌ನಲ್ಲಿ ಅದು ಬೇಕಾದಷ್ಟಿದೆ. ಕುಗ್ಗೋ ಎಳೆತವೂ ಕಡಿಮೆ.

ಕ್ರಮ: ನೀರಲ್ಲಿ ಕಲಸಿದ ಪ್ಯೂಮಿಸ್‌ನಲ್ಲಿ (ಉಜ್ಜೋ ಕಲ್ಲಿನ ಪುಡಿ) ಉಜ್ಜಿ. ಹೊಳಪಿನ ಮೇಲ್ಪದರ ಸಣ್ಣ ಡೈಮಂಡ್‌ನಲ್ಲಿ ಒಂದು ಸುತ್ತು ತರಿ ಮಾಡಿ. ಪಾಲಿ ಆಕ್ರಿಲಿಕ್ ಆಸಿಡ್ ಶೇ 10ರದಾದರೆ 20 ಸೆಕೆಂಡ್, ಶೇ 20ರದಾದರೆ 10 ಸೆಕೆಂಡ್. ತೊಳೆದು, ಹತ್ತಿಯಲ್ಲಿ ಒತ್ತಿ, ಹೊಳಪು ಉಳಿಸಿ. ಫುಜಿ 9 (ಮಾಮೂಲಿ ಜಿಐಸಿ) ಆದರೆ ಮಟ್ಟ ಮಾಡಿದ ಒಂದು ಸ್ಕೂಪ್ ಪುಡಿಗೆ ಒಂದು ಹನಿ, ಫುಜಿ 2 ಎಲ್‌ಸಿ (ಲೈಟ್‌ನಿಂದ ಗಟ್ಟಿಯಾಗೋ ಜಿಐಸಿ) ಆದರೆ ಒಂದು ಸ್ಕೂಪ್‌ಗೆ ಎರಡು ಹನಿ. ದ್ರವದ ಬಾಟಲಿ ನೆಟ್ಟಗೆ ತಲೆಕೆಳಗು ಹಿಡೀರಿ, ಗುಳ್ಳೆ ಇರೋ ಮೊದಲ ಹನಿ ಆಚೆ ಬಿಡಿ. ಅರ್ಧ ಪುಡಿ 10 ಸೆಕೆಂಡ್, ಉಳಿದರ್ಧ ಸೇರಿ ಒಟ್ಟು 25-30 ಸೆಕೆಂಡಲ್ಲಿ ಕಲಸೋದು ಮುಗೀಬೇಕು. ಮಿಶ್ರಣದ ಮೇಲೆ ಹೊಳಪು ಇರುವಾಗಲೇ ಹಲ್ಲಿಗೆ ಹೋಗಬೇಕು. ಹೊಳಪು ಹೋಯ್ತು ಅಂದರೆ ಹಲ್ಲಿಗೆ ಅಂಟಬೇಕಿದ್ದ ಆಸಿಡ್ ಗುಂಪುಗಳು ಪುಡಿಗೇ ಖರ್ಚಾಗಿವೆ. ಅದನ್ನೇ ಒತ್ತಿ ತುಂಬಿ, ತಿಂಗಳಲ್ಲಿ ಬಿತ್ತು ಅಂದರೆ ಆಶ್ಚರ್ಯ ಏನಿಲ್ಲ. ಮೇ ತಿಂಗಳಲ್ಲಿ 40 ದಾಟಿದಾಗ ಈ ಹೊಳಪಿನ ಸಮಯ ತುಂಬಾ ಕಡಿಮೆಯಾಗುತ್ತೆ, ಗಾಜಿನ ಸ್ಲ್ಯಾಬ್ ತಂಪು ಮಾಡಿ, ಮೇಲೆ ಕೂತ ಬೆವರು ಒರೆಸಿ ಬಳಸಿ. ಸೆಟ್ ಆದ ಕೂಡಲೇ ವಾರ್ನಿಶ್ ಇಲ್ಲಾ ವ್ಯಾಸಲಿನ್. ಮಾಮೂಲಿ ಜಿಐಸಿಗೆ ಪಾಲಿಶ್ 24 ಗಂಟೆ ಆದ ಮೇಲೆ.

ಮುಂದಿನ ಹಲ್ಲು, ಅಂದ ಬೇಕು ಅಂದರೆ ಫುಜಿ 2 ಎಲ್‌ಸಿ ಥರದ ಲೈಟ್ ಕ್ಯೂರ್ ಜಿಐಸಿ. ಇಲ್ಲಾ ಕಾಂಪೋಸಿಟ್ಟೇ ಬೇಕಂದರೆ ಎನಾಮಲ್‌ಗೆ ಬೆವೆಲ್, ಅದಕ್ಕೆ ಮಾತ್ರ ಆಸಿಡ್, ತರಿ ಮಾಡಿದ ಡೆಂಟಿನ್‌ಗೆ ಯೂನಿವರ್ಸಲ್ ಎರಡು ಸಲ 20-20 ಸೆಕೆಂಡ್ ಉಜ್ಜಿ.


ಬೀದರ್_ಪೆಡೋ:

ಒಂದ್ ಸಣ್ಣ ಮಾತ್ರಿ. ಬಾಂಡ್, ಎಚೆಂಟ್ ಎಲ್ಲಾ ಬದಲಿ ಮಾಡಿ ಆದ ಮ್ಯಾಲನೂ ಫಿಲ್ಲಿಂಗ್ ಬೀಳ್ತಾವ ಅಂದ್ರ ಕಂಪ್ರೆಸರ್ ನೋಡ್ರಿ. ತ್ರೀ-ವೇ ಸಿರಿಂಜ್‌ನ ಗಾಳಿ ಒಂದು ಒಣ ಬಾಯಿ ಕನ್ನಡಿ ಮ್ಯಾಲ, ಆಮ್ಯಾಲ ಒಂದು ಬಿಳಿ ಟಿಶ್ಯೂ ಮ್ಯಾಲ 10 ಸೆಕೆಂಡ್ ಬಿಡ್ರಿ. ಕನ್ನಡಿ ಮ್ಯಾಲ ಮಸುಕು ಬಂದ್ರ ನೀರು, ಟಿಶ್ಯೂ ಮ್ಯಾಲ ಜಿಡ್ಡಿನ ಚುಕ್ಕಿ ಬಂದ್ರ ಎಣ್ಣಿ. ಎಣ್ಣಿ ಹಾಕೋ ಕಂಪ್ರೆಸರ್ ಇದ್ರ ಟ್ಯಾಂಕ್ ತಳದ ನಲ್ಲಿ ದಿನಾ ಬಿಟ್ಟು ನೀರು ಖಾಲಿ ಮಾಡ್ರಿ, ಲೈನ್‌ನಾಗ ಫಿಲ್ಟರ್ ಕೂಡಿಸ್ರಿ. ಎಚ್ ಮಾಡಿದ ಎನಾಮಲ್ ಮ್ಯಾಲ ಎಣ್ಣಿ ಊದಿ ಆಮ್ಯಾಲ ಯಾವ ಕಂಪನಿ ಬಾಂಡ್ ಹಚ್ಚಿದ್ರೂ ಅಷ್ಟೇ. ಸೇಡಂ ಸಿಮೆಂಟಾದ್ರೂ ನಿಲ್ಲಂಗಿಲ್ಲ.

ಮತ್ತ ಜೊಲ್ಲು. ಎಚ್ ಮಾಡಿದ ಮ್ಯಾಲ ಜೊಲ್ಲು ತಾಕಿದ್ರ ಒಣಗಿಸಿ ಮುಂದ ಹೋಗಬ್ಯಾಡ್ರಿ, ತೊಳದು ಮತ್ತ 10 ಸೆಕೆಂಡ್ ಎಚ್. ಬಾಂಡ್ ಲೈಟ್ ಆದ ಮ್ಯಾಲ ತಾಕಿದ್ರ ತೊಳದು, ಒಣಗಿಸಿ, ಬಾಂಡ್ ಇನ್ನೊಂದು ಕೋಟ್. ರಕ್ತ ನಿಲ್ಲಸಾಕ ಫೆರಿಕ್ ಸಲ್ಫೇಟ್ ಹಚ್ಚಿದ್ರ ಸೆಲ್ಫ್ ಎಚ್ ಅಲ್ಲಿ ಸರಿ ಹಿಡಿಯಂಗಿಲ್ಲ. ಜೋರು ನೀರಿಲೆ ತೊಳದು ಆ ಜಾಗಕ್ಕ ಆಸಿಡ್ ಜರಾ ಹಚ್ಚಿ ತೆಗೀರಿ.


ಶಹಾಪುರ_ಬಿಡಿಎಸ್:

ಬಹಳ ಉಪಕಾರ. ಇನ್ನೂ ನಾಲ್ಕು ಪ್ರಶ್ನೆ ಉಳಿದವು. ಒಂದು, ಬೇಸಿಗೆಯಲ್ಲಿ ಕರೆಂಟ್ ಹೋದಾಗ ಕ್ಲಿನಿಕ್ ಒಳಗೇ 38 ಡಿಗ್ರಿ ಆಗುತ್ತೆ, ಬಾಂಡ್ ಬಾಟಲಿ ಎಲ್ಲಿಡಬೇಕು? ಎರಡು, ಆರ್‌ಸಿಟಿ (ಬೇರಿನ ನಾಳದ ಚಿಕಿತ್ಸೆ) ಆದ ಹಲ್ಲಿಗೆ ಡ್ಯುಯಲ್ ಕ್ಯೂರ್ ಕೋರ್ (ಲೈಟ್‌ಗೂ, ತಾನಾಗಿಯೂ ಗಟ್ಟಿಯಾಗೋ ಒಳ ತುಂಬು) ಹಾಕುವಾಗ ಈ ಯೂನಿವರ್ಸಲ್ ನಡೆಯುತ್ತಾ? ಮೂರು, ಕ್ಲಾಸ್ 2 ಬಾಕ್ಸ್ ಸಿಮೆಂಟಮ್ (ಬೇರಿನ ಹೊದಿಕೆ) ಮೇಲೆ ಇಳಿದುಬಿಟ್ಟಿದ್ದರೆ? ನಾಲ್ಕು, ಕ್ಲೋರ್‌ಹೆಕ್ಸಿಡಿನ್ (ಕ್ರಿಮಿನಾಶಕ) ಹಚ್ಚಿದರೆ ಬಾಂಡ್ ಬಾಳಿಕೆ ಬರುತ್ತೆ ಅಂತ ಕೇಳಿದೀನಿ, ನಿಜಾನಾ?


ಮಟೀರಿಯಲ್ಸ್_ಮಾಸ್ತರ್:

ಬಾಟಲಿ: ಸಿಂಗಲ್ ಬಾಂಡ್ ಯೂನಿವರ್ಸಲ್‌ಗೆ 2ರಿಂದ 25 ಡಿಗ್ರಿ, ಕ್ಲಿಯರ್‌ಫಿಲ್ ಎಸ್‌ಇಗೆ 2ರಿಂದ 8. ರೂಮಲ್ಲಿ ಇಡಬಹುದು ಅಂತ ಬರೆದ ಬಾಟಲಿಗೂ ಅವರ ರೂಮ್ ಅಂದರೆ 25, ನಮ್ಮ ಏಪ್ರಿಲ್ ರೂಮ್ ಅಲ್ಲ. ಎಲ್ಲವನ್ನೂ ಫ್ರಿಜ್ಜಿನಲ್ಲಿ ಇಡಿ, ಬಾಗಿಲಿನಲ್ಲಲ್ಲ, ಒಳಗೆ. ಬಳಸುವ ಮುಂಚೆ ಹೊರಗೆ ತೆಗೆದಿಡಿ. ತಣ್ಣಗಿದ್ದಾಗ ಹಚ್ಚಿದರೆ ಸಾಲ್ವೆಂಟ್ ಹಾರುವುದು ನಿಧಾನ, ನೀವು 5 ಸೆಕೆಂಡ್ ಊದಿ ಸಾಕಾಯಿತು ಅಂದುಕೊಳ್ಳುತ್ತೀರಿ. ಡ್ಯಾಪನ್ ಡಿಶ್‌ಗೆ (ಸಣ್ಣ ಬಟ್ಟಲು) ಹನಿ ಹಾಕುವುದು ಕ್ಯಾವಿಟಿ ಸಿದ್ಧವಾದ ಮೇಲೆ. ಅಸಿಸ್ಟೆಂಟ್ ಮುಂಚೆಯೇ ಹನಿ ಹಾಕಿ ಫ್ಯಾನ್ ಕೆಳಗಿಟ್ಟರೆ, ಅದರಲ್ಲೂ ಅಸಿಟೋನ್ ಬಾಂಡ್ ಆದರೆ, ಎರಡು ಮೂರು ನಿಮಿಷದಲ್ಲಿ ಉಳಿಯುವುದು ಗಟ್ಟಿ ಅಂಟು, ಅದು ಡೆಂಟಿನ್‌ಗೆ ಇಳಿಯುವುದಿಲ್ಲ. ಬಾಟಲಿ ಮುಚ್ಚಳ ಆ ಕ್ಷಣವೇ ಹಾಕಬೇಕು. ಹನಿ ಮೊದಲಿಗಿಂತ ದಪ್ಪಗೆ ಬೀಳುತ್ತಿದ್ದರೆ ಅವಧಿ ಮುಗಿಯದಿದ್ದರೂ ಬಿಸಾಕಿ.

ಡ್ಯುಯಲ್ ಕ್ಯೂರ್ ಕೋರ್: ಇಲ್ಲಿ ಬಹಳ ಜನ ಎಡವುತ್ತಾರೆ. ಲೈಟ್ ಹಿಡಿದ ಬಾಂಡ್‌ನ ಮೇಲೆ ಗಾಳಿ ತಾಗಿದ ತೆಳು ಪದರ ಹಸಿಯಾಗಿಯೇ ಇರುತ್ತದೆ. ಅದರಲ್ಲಿರುವ ಆಸಿಡ್ ಮೋನೋಮರ್, ಕೋರ್ ಮಟೀರಿಯಲ್ ಕತ್ತಲಲ್ಲಿ ತಾನಾಗಿ ಸೆಟ್ ಆಗಲು ಬೇಕಾದ ಅಮೀನ್ ಎಂಬ ರಾಸಾಯನಿಕವನ್ನು ತಿಂದುಹಾಕುತ್ತದೆ. ಮೇಲೆಲ್ಲ ಕಲ್ಲಿನಂತೆ ಗಟ್ಟಿ, ಅಂಟಿನ ಗೆರೆಯಲ್ಲಿ ಮಾತ್ರ ಮೆತ್ತಗೆ. ಕ್ರೌನ್ ಕಟ್ ಮಾಡುವಾಗ ಕೋರ್ ಇಡಿಯಾಗಿ ಏಳುತ್ತದೆ. ಅದೇ ಕಂಪನಿಯ ಡ್ಯುಯಲ್ ಕ್ಯೂರ್ ಆಕ್ಟಿವೇಟರ್ ಬೆರೆಸಿ, ಅಥವಾ ಎರಡು ಬಾಟಲಿಯ ಬಾಂಡ್ ಬಳಸಿ, ಅದೂ ಇಲ್ಲವೆಂದರೆ ಬಾಂಡ್ ಮೇಲೆ ಲೈಟ್ ಕ್ಯೂರ್ ಫ್ಲೋಯಬಲ್ ಒಂದು ತೆಳು ಪದರ ಹಾಕಿ ಗಟ್ಟಿ ಮಾಡಿ, ಆಮೇಲೆ ಕೋರ್. ಆರ್‌ಸಿಟಿ ಹಲ್ಲಿನ ಗೋಡೆಗೆ ಹೈಪೋಕ್ಲೋರೈಟ್ (ನಾಳ ತೊಳೆಯುವ ದ್ರವ) ಬಿಟ್ಟ ಆಕ್ಸಿಜನ್, ಯೂಜಿನಾಲ್ ಸೀಲರ್‌ನ ಜಿಡ್ಡು ಎರಡೂ ಇರುತ್ತವೆ, ಎರಡೂ ರೆಸಿನ್ ಸೆಟ್ ಆಗಲು ಅಡ್ಡಿ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಗೋಡೆಯನ್ನು ಬರ್‌ನಿಂದ ಒಂದು ಪದರ ಹೊಸದಾಗಿ ಕೆರೆದು, ತೊಳೆದು ಆಮೇಲೆ ಬಾಂಡ್. ಬ್ಲೀಚಿಂಗ್ ಆಗಿದ್ದರೆ ಎರಡು ವಾರ ಕಾಯಿರಿ.

ಕ್ಲೋರ್‌ಹೆಕ್ಸಿಡಿನ್: ಆಸಿಡ್ ಎಚ್ಚರಗೊಳಿಸಿದ ಡೆಂಟಿನ್‌ನ ಸ್ವಂತ ಎನ್‌ಜೈಮ್‌ಗಳು ಬೆತ್ತಲೆ ಕೊಲಾಜನ್ ತಿನ್ನುತ್ತವೆ, ಶೇ 2ರ ಕ್ಲೋರ್‌ಹೆಕ್ಸಿಡಿನ್ ಅದನ್ನು ತಡೆಯುತ್ತದೆ ಅನ್ನುವುದು ವಾದ. ಪೂರ್ತಿ ಎಚ್ ಮಾಡುವವರು ತೊಳೆದ ಮೇಲೆ 30ರಿಂದ 60 ಸೆಕೆಂಡ್ ಹಚ್ಚಿ, ತೊಳೆಯದೆ ಹೀರಿ ತೆಗೆದು ಬಾಂಡ್ ಹಚ್ಚಬಹುದು, ನಷ್ಟವಿಲ್ಲ. ಸೆಲೆಕ್ಟಿವ್ ಎಚ್‌ಗೆ ಬಂದರೆ ನಾನಂತೂ ಅದನ್ನು ಬಿಡುತ್ತೇನೆ.


ಕಲಬುರಗಿ_ಎಂಡೋ:

ಕ್ಲೋರ್‌ಹೆಕ್ಸಿಡಿನ್ ಬಿಡೋದು ನಂಗ ಒಪ್ಪಿಗಿ ಇಲ್ಲ ಮಾಸ್ತರ್ರ, ಆಳ ಕ್ಯಾವಿಟಿ ಸ್ವಚ್ಛ ಮಾಡಾಕಾದ್ರೂ ಬೇಕು. ಇರ್ಲಿ.

ಸಿಮೆಂಟಮ್‌ಗಿ ಇಳದ ಬಾಕ್ಸ್‌ಗಿ ಓಪನ್ ಸ್ಯಾಂಡ್‌ವಿಚ್ (ಕೆಳಗ ಜಿಐಸಿ, ಮ್ಯಾಲ ಕಾಂಪೋಸಿಟ್) ಮಾಡ್ರಿ ಸರ. ಮ್ಯಾಟ್ರಿಕ್ಸ್ ಬ್ಯಾಂಡ್ (ಹಲ್ಲಿನ ಸುತ್ತ ತೆಳು ತಗಡು) ಕಟ್ಟಿ, ವೆಡ್ಜ್ (ಸಂದಿಗಿ ಹಾಕೋ ಸಣ್ಣ ಬೆಣಿ) ಬಿಗಿ ಕೂಡಿಸಿ, ಪಾಲಿ ಆಕ್ರಿಲಿಕ್ ಹಚ್ಚಿ ತೊಳದು, ಬಾಕ್ಸ್ ನೆಲಕ್ಕ ಲೈಟ್ ಕ್ಯೂರ್ ಜಿಐಸಿ ಹಾಕ್ರಿ. ಕಾಂಟ್ಯಾಕ್ಟ್ (ಹಲ್ಲಿಗಿ ಹಲ್ಲು ತಾಗೋ ಜಾಗ) ಕೆಳಗೇ ನಿಲ್ಲಿಸ್ರಿ, ದಪ್ಪ ಇದ್ರ ಎರಡು ಸಲ ಹಾಕಿ ಎರಡು ಸಲ ಲೈಟ್. ಮಾಮೂಲಿ ಜಿಐಸಿ ಅಲ್ಲಿ ಬ್ಯಾಡ, ಹಲ್ಲಿನ ಸಂದ್ಯಾಗ ಪ್ಲಾಕ್ ಆಸಿಡ್‌ಗಿ ಕರಗಿ ಸವೀತದ. ಅದರ ಮ್ಯಾಲ ಯೂನಿವರ್ಸಲ್ ಬಾಂಡ್ ಹಚ್ರಿ, ಜಿಐಸಿಗಿ ಫಾಸ್ಫಾರಿಕ್ ತಾಕಸಬ್ಯಾಡ್ರಿ, ಮ್ಯಾಲ್ಪದರ ಬಿರುಕು ಬಿಡ್ತದ. ಆಸಿಡ್ ಬರೇ ಮ್ಯಾಲಿನ ಎನಾಮಲ್‌ಗಿ.

ಬಾಕ್ಸ್ ನೆಲದಾಗ ಎನಾಮಲ್ ಉಳದದ ಆದರ 1 ಮಿಲಿಮೀಟರ್‌ಕಿಂತ ಕಮ್ಮಿ ಅದ ಅಂದ್ರ ಅದನ್ನ ಎನಾಮಲ್ ಅಂತ ಎಣಸಬ್ಯಾಡ್ರಿ. ಕಾಂಪೋಸಿಟ್ ಕುಗ್ಗಿದಾಗ ಆ ತೆಳು ಎನಾಮಲ್ ಒಳಗೇ ಸೀಳ್ತದ, ಎಕ್ಸ್‌ರೇದಾಗ ಏನೂ ಕಾಣಂಗಿಲ್ಲ, ಒಂದು ವರ್ಷಕ್ಕ ಕೆಳಗ ಹುಳುಕು. ಅಲ್ಲೂ ಇದೇ ಸ್ಯಾಂಡ್‌ವಿಚ್. ಪಲ್ಪ್ (ಹಲ್ಲಿನೊಳಗಿನ ನರ) ಹತ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕೋದಿದ್ರ ಸೂಜಿ ಮೊನಿಯಷ್ಟು ಹಾಕಿ ಅದನ್ನೂ ಇದೇ ಜಿಐಸಿಲೆ ಮುಚ್ರಿ. ನೆಲ ತುಂಬ ಬಳದ್ರ ಬಾಂಡ್‌ಗಿ ಜಾಗೇ ಉಳಿಯಂಗಿಲ್ಲ, ಆಸಿಡ್ ತಾಕಿದ್ರ ಅದು ಕರಗೂ ಕರಗ್ತದ.